ಎಮ್ಮೆಯ ಮದ್ದು ಮೊಲಕ್ಕಲ್ಲ

ಎಮ್ಮೆಯ ಹೊಟ್ಟೆ ಉಬ್ಬಿದರೆ ಏನು ಮಾಡಬೇಕೆಂದು ವಿಜಯಪುರ ಜಿಲ್ಲೆಯ ಯಾವ ಹಳ್ಳಿಯ ಕಟ್ಟೆಯ ಮೇಲೆ ಕೇಳಿದರೂ ನಾಲ್ಕು ಜನ ನಾಲ್ಕು ಉಪಾಯ ಹೇಳುತ್ತಾರೆ. ಅಜವಾನ, ಇಂಗು, ಎಣ್ಣೆ ಬೆರೆಸಿ ಗೊಟ್ಟದಲ್ಲಿ ಹಾಕುವುದು, ಬಾಯಿಗೆ ಅಡ್ಡಲಾಗಿ ಕೋಲು ಕಟ್ಟುವುದು, ಎಬ್ಬಿಸಿ ನಡೆದಾಡಿಸುವುದು, ಒಂದು ದಿನ ಮೇವು ನಿಲ್ಲಿಸುವುದು: ದನಕರುಗಳ ಜೊತೆ ತಲೆಮಾರುಗಳಿಂದ ಬದುಕಿದ ಸೀಮೆಗೆ ಈ ತಿಳಿವಳಿಕೆ ಸಹಜವಾದದ್ದು, ಬಹಳಷ್ಟು ಸಲ ಉಪಯೋಗಕ್ಕೂ ಬಂದದ್ದು. ಈಗ ನಗರದ ಓಣಿಗಳಲ್ಲಿ ಮಕ್ಕಳ ಹಟಕ್ಕೆ ಸಂತೆಯಿಂದ ತಂದ ಬಿಳಿ ಮೊಲಗಳು ಕಾಣಿಸುತ್ತಿವೆ. ಹುಲ್ಲು ತಿನ್ನುವ ಪ್ರಾಣಿಯೆಂದಮೇಲೆ ಅದೂ ಒಂದು ಸಣ್ಣ ದನವೇ ಎಂಬ ಎಣಿಕೆಯಲ್ಲಿ ನಾವು ಅದರ ಹೊಟ್ಟೆ ಕೆಟ್ಟಾಗ ದನದ ಲೆಕ್ಕವನ್ನೇ ಹಚ್ಚುತ್ತೇವೆ. ಸಾಕುಮೊಲಗಳು ಒಂದೇ ರಾತ್ರಿಯಲ್ಲಿ ಸತ್ತುಹೋಗುವುದಕ್ಕೆ ಈ ತಪ್ಪು ಲೆಕ್ಕ ಒಂದು ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ.

ಮೊದಲೇ ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳುವುದು ಒಳ್ಳೆಯದು. ಕಡಲೆ ಹೊಲದಲ್ಲಿ ಎದ್ದು ಓಡುವ ಕಂದು ಬಣ್ಣದ ಮೊಲವೂ ಪಂಜರದ ಬಿಳಿ ಮೊಲವೂ ಕನ್ನಡದಲ್ಲಿ ಒಂದೇ ಹೆಸರು ಹೊತ್ತಿದ್ದರೂ ಅವು ಬೇರೆ ಬೇರೆ ಪ್ರಾಣಿಗಳು. ಹೊಲದ ಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಅದನ್ನು ಹಿಡಿದು ಸಾಕುವುದು ಅಪರಾಧ. ಮನೆಯಲ್ಲಿ ಸಾಕುವುದು ಸ್ಪೇನ್ ಮತ್ತು ಪೋರ್ಚುಗಲ್ ಭಾಗದ ಬಿಲದ ಮೊಲದಿಂದ ಬಂದ ತಳಿಗಳನ್ನು. ತಂಪು ಸೀಮೆಯ ಒರಟು ಹುಲ್ಲನ್ನು ತಿಂದು, ನೆಲದೊಳಗೆ ಬಿಲ ತೋಡಿ ಬದುಕಿದ ಪ್ರಾಣಿ ಅದು. ಅದರ ಹೊಟ್ಟೆಯೂ ಅಂಥ ಬದುಕಿಗೇ ಹೊಂದಿಕೊಂಡಿದೆ.

ಎಮ್ಮೆ ತಿಂದ ಕಣಿಕೆ ಮೊದಲು ಸೇರುವುದು ರೂಮೆನ್ ಎಂಬ ದೊಡ್ಡ ಚೀಲವನ್ನು. ದೊಡ್ಡ ಪ್ರಾಣಿಯಲ್ಲಿ ಅದು 100 ಲೀಟರಿನಷ್ಟು ಹಿಡಿಸುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಹುಳಿಯಿಸಿ ಒಡೆಯುತ್ತವೆ, ಎಮ್ಮೆ ಮಲಗಿ ಮೆಲುಕು ಹಾಕುತ್ತದೆ, ಹುಟ್ಟಿದ ವಾಯುವನ್ನು ತೇಗಿ ಹೊರಹಾಕುತ್ತದೆ. ಜೀರ್ಣದ ಮುಖ್ಯ ಕೆಲಸವೆಲ್ಲ ಜಠರಕ್ಕಿಂತ ಮುಂಚೆಯೇ ಮುಗಿಯುವುದರಿಂದ ಮೇವಿನಲ್ಲಿರುವ ಎಷ್ಟೋ ದೋಷಗಳೂ ಅಲ್ಲಿಯೇ ತಣ್ಣಗಾಗುತ್ತವೆ. ಮೊಲದಲ್ಲಿ ಇದೆಲ್ಲ ತಿರುಗುಮುರುಗು. ಅದರ ಜಠರ ನಮ್ಮದರಂತೆ ಒಂದೇ ಚೀಲ. ಹುಳಿಯಿಸುವ ಕೆಲಸ ನಡೆಯುವುದು ಹಾದಿಯ ಕೊನೆಯಲ್ಲಿ, ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವಲ್ಲಿ ಜೋತುಬಿದ್ದಿರುವ ಕುರುಡು ಕರುಳಿನಲ್ಲಿ. ಮನುಷ್ಯನಲ್ಲಿ ಗಿಡ್ಡದಾಗಿರುವ ಈ ಭಾಗ ಮೊಲದಲ್ಲಿ ಸುರುಳಿ ಸುತ್ತಿಕೊಂಡು ಹೊಟ್ಟೆಯ ಬಹುಭಾಗವನ್ನು ತುಂಬಿರುತ್ತದೆ. ಜೀರ್ಣಾಂಗಗಳಲ್ಲಿರುವ ಒಟ್ಟು ಸರಕಿನ ಸುಮಾರು 40 ಪ್ರತಿಶತ ಅದರಲ್ಲಿಯೇ ಇರುತ್ತದೆ.

ಇನ್ನೂ ವಿಚಿತ್ರವಾದದ್ದು ಅದರ ಪಕ್ಕದ ದೊಡ್ಡ ಕರುಳು ಮಾಡುವ ಕೆಲಸ. ಅದು ಒಂದು ಜರಡಿ ಇದ್ದಂತೆ. ನಾರಿನ ದೊಡ್ಡ ಚೂರುಗಳನ್ನು ಮುಂದಕ್ಕೆ ತಳ್ಳಿ, ನೀರನ್ನು ಹಿಂಡಿ, ನಾವು ದಿನವೂ ಗುಡಿಸುವ ಆ ದುಂಡನೆಯ ಒಣ ಹಿಕ್ಕೆಗಳನ್ನು ಮಾಡಿ ಹೊರಹಾಕುತ್ತದೆ. ಸಣ್ಣ ಕಣಗಳನ್ನೂ ರಸವನ್ನೂ ಹಿಂದಕ್ಕೆ ನೂಕಿ ಕುರುಡು ಕರುಳಿಗೆ ಸೇರಿಸುತ್ತದೆ. ಅಲ್ಲಿ ಗಂಟೆಗಟ್ಟಲೆ ಹುಳಿತ ಆ ಸರಕು ದಿನಕ್ಕೆ ಒಂದೆರಡು ಸಲ, ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ, ಲೋಳೆಯ ತೆಳು ಪೊರೆ ಹೊದ್ದ ಮೆತ್ತನೆಯ ಹಿಕ್ಕೆಗಳ ಗೊಂಚಲಾಗಿ ಹೊರಬರುತ್ತದೆ. ಮೊಲ ಬಗ್ಗಿ ಗುದದ ಬಾಯಿಯಿಂದಲೇ ಅದನ್ನು ತೆಗೆದುಕೊಂಡು, ಅಗಿಯದೆ ನುಂಗುತ್ತದೆ. ನೋಡಿದವರಿಗೆ ಹೇಸಿಗೆಯೆನಿಸಿದರೂ ಇದು ರೋಗವಲ್ಲ, ದುರಭ್ಯಾಸವೂ ಅಲ್ಲ. ಎಮ್ಮೆ ಮೆಲುಕು ಹಾಕಿ ಪಡೆಯುವುದನ್ನು ಮೊಲ ಹೀಗೆ ಪಡೆಯುತ್ತದೆ. ಬಿ ಗುಂಪಿನ ಜೀವಸತ್ವಗಳು, ಕೆ ಜೀವಸತ್ವ, ಪ್ರೋಟೀನು ಎಲ್ಲವೂ ಆ ಗೊಂಚಲಿನಲ್ಲಿರುತ್ತವೆ. ಹೊಲಸು ತಿನ್ನುತ್ತದೆಂದು ಅದನ್ನು ಹೊಡೆದು ಬಿಡಿಸುವವರನ್ನು ಕಂಡಿದ್ದೇನೆ. ಅದು ಉಣ್ಣುವವನ ತಾಟು ಕಸಿದಂತೆ.

ಈ ಇಡೀ ಯಂತ್ರ ನಡೆಯುವುದು ನಾರಿನ ನೂಕಿನಿಂದ. ಜೀರ್ಣವಾಗದ ಉದ್ದನೆಯ ನಾರು ಕರುಳಿನ ಗೋಡೆಯನ್ನು ಕೆರಳಿಸುತ್ತ ಮುಂದೆ ಸಾಗಿದಾಗಲೇ ಕರುಳು ಹಿಂಡಿಕೊಳ್ಳುತ್ತದೆ, ಜರಡಿ ಅಲುಗುತ್ತದೆ, ಕುರುಡು ಕರುಳಿನ ಹಳೆಯ ಸರಕು ಖಾಲಿಯಾಗಿ ಹೊಸದು ತುಂಬುತ್ತದೆ. ನಾರು ಕಡಿಮೆಯಾಗಿ ಚಪಾತಿ, ಬಿಸ್ಕತ್ತು, ಕಾಳುಕಡಿ ಹೆಚ್ಚಾದರೆ ನೂಕು ತಗ್ಗುತ್ತದೆ, ಕುರುಡು ಕರುಳಿಗೆ ಪಿಷ್ಟವೂ ಸಕ್ಕರೆಯೂ ಸುರಿಯುತ್ತವೆ, ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳ ಜಾಗದಲ್ಲಿ ವಾಯುವನ್ನೂ ವಿಷವನ್ನೂ ಹುಟ್ಟಿಸುವ ಜೀವಿಗಳು ಬೆಳೆಯುತ್ತವೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳವು ಜಠರವನ್ನು ಕೂಡುವಲ್ಲಿರುವ ಸ್ನಾಯುವಿನ ಬಿಗಿ ಹಾಗಿದೆ. ತಿಂದದ್ದಕ್ಕೆ ಹೊರಬರಲು ಇರುವುದು ಹಿಂಬಾಗಿಲೊಂದೇ, ಆ ಬಾಗಿಲಿನವರೆಗಿನ ಹಾದಿಯೇ ನಿಂತುಹೋದರೆ ಪ್ರಾಣಿಗೆ ಬೇರೆ ಉಪಾಯವಿಲ್ಲ.

ಆದ್ದರಿಂದ ಮೊಲದ ಹೊಟ್ಟೆ ಕೆಡುವುದೆಂದರೆ ಬಹುಮಟ್ಟಿಗೆ ಹೊಟ್ಟೆ ನಿಲ್ಲುವುದು ಎಂದೇ ಅರ್ಥ. ಪಶುವೈದ್ಯರು ಇದನ್ನು ಕರುಳಿನ ಸ್ಥಗಿತ ಎನ್ನುತ್ತಾರೆ. ಇದು ತಾನೇ ಒಂದು ಕಾಯಿಲೆಯಲ್ಲ, ಬೇರೆ ಯಾವುದೋ ತೊಂದರೆಯ ಗುರುತು. ಹಲ್ಲು ನೋವು, ಮೂತ್ರದ ಕಲ್ಲು, ಬಿಸಿಲಿನ ಝಳ, ನೀರು ಸಾಲದಿರುವುದು, ಓಣಿಯ ನಾಯಿಯ ಬೊಗಳಾಟ, ದೀಪಾವಳಿಯ ಪಟಾಕಿ, ಜೊತೆಯ ಮೊಲ ಸತ್ತದ್ದು, ಇವುಗಳಲ್ಲಿ ಯಾವುದರಿಂದ ಬೇಕಾದರೂ ಮೊಲ ತಿನ್ನುವುದನ್ನು ಕಡಿಮೆ ಮಾಡಬಹುದು. ತಿನ್ನದಿದ್ದರೆ ನಾರಿಲ್ಲ, ನಾರಿಲ್ಲದಿದ್ದರೆ ಕರುಳು ನಿಧಾನ. ನಿಧಾನವಾದ ಕರುಳಿನಲ್ಲಿ ಸರಕು ಒಣಗಿ ಗಟ್ಟಿಯಾಗುತ್ತದೆ, ವಾಯು ತುಂಬಿ ನೋವಾಗುತ್ತದೆ, ನೋವಿನಿಂದ ಮೊಲ ಇನ್ನೂ ತಿನ್ನುವುದಿಲ್ಲ. ಎರಡನೆಯ ದಿನಕ್ಕೆ ಬರುವ ಹೊತ್ತಿಗೆ ದೇಹವು ಕೊಬ್ಬನ್ನು ಕರಗಿಸಿ ಶಕ್ತಿ ಪಡೆಯಲು ಹೊರಡುತ್ತದೆ, ಆ ಕೊಬ್ಬು ಯಕೃತ್ತಿನಲ್ಲಿ ಸೇರಿ ಅದನ್ನೂ ಕೆಡಿಸುತ್ತದೆ. ಮೈ ತುಂಬಿಕೊಂಡ ಮೊಲಗಳಲ್ಲಿ ಇದು ಇನ್ನೂ ಬೇಗ. ಎಮ್ಮೆಗೆ, ನಾಯಿಗೆ, ನಮಗೆ ಒಂದು ದಿನದ ಲಂಘನ ಔಷಧಿಯಿದ್ದಂತೆ. ಮೊಲಕ್ಕೆ ಅದೇ ರೋಗ.

ನಮ್ಮ ಮನೆಯ ಮೊಲ ತಮ್ಮನ ಮಗಳದು, ಎರಡು ಕಿಲೋಗಿಂತ ಸ್ವಲ್ಪ ಕಡಿಮೆ ತೂಗುವ ಹೆಣ್ಣು. ಹೋದ ವರ್ಷ ಏಪ್ರಿಲಿನ ಒಂದು ಸಂಜೆ ಹುಡುಗಿ ಬಂದು, "ದೊಡ್ಡಪ್ಪಾ, ಮುಂಜಾನಿಂದ ಕೊತಂಬರಿನೂ ಮೂಸಿಲ್ಲ ನೋಡ. ಹಿಕ್ಕಿನೂ ಹಾಕಿಲ್ಲ" ಎಂದಳು. ಬಿಸಿಲಿಗೆ ಹಾಗಾಗಿದ್ದೀತು, ನಸುಕಿನಲ್ಲಿ ತಂಪಾದ ಮೇಲೆ ತಿಂದೀತು ಎಂದು ನಾನು ಹೇಳಿದೆ. ರಾತ್ರಿ ಹನ್ನೊಂದರ ಹೊತ್ತಿಗೆ ಹೋಗಿ ನೋಡಿದಾಗ ಅದು ಗೋಡೆಯ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರೆ ಮುಚ್ಚಿ ಕುಳಿತಿತ್ತು. ಆಗಾಗ ಎದ್ದು ಹೊಟ್ಟೆಯನ್ನು ಫರಸಿಗೆ ಒತ್ತಿ ಉದ್ದಕ್ಕೆ ಚಾಚಿಕೊಳ್ಳುವುದು, ಮತ್ತೆ ಜಾಗ ಬದಲಿಸಿ ಕೂಡುವುದು. ಕಿವಿಗೊಟ್ಟರೆ ಹಲ್ಲು ಕಡಿಯುವ ಸಪ್ಪಳ ಕೇಳುತ್ತಿತ್ತು. ತಲೆ ಸವರಿದಾಗ ಖುಷಿಯಿಂದ ಮಾಡುವ ಮೆಲುವಾದ ಕಟಕಟ ಅದಲ್ಲ. ಒಣ ಕಾಳು ಬೀಸಿದಂಥ ಒರಟು ಸಪ್ಪಳ. ಪಂಜರದ ಕೆಳಗೆ ಹಾಸಿದ ಪತ್ರಿಕೆಯ ಮೇಲೆ ಇಡೀ ದಿನದಲ್ಲಿ ಬಿದ್ದದ್ದು ಹನ್ನೊಂದು ಹಿಕ್ಕೆ, ಅವೂ ಮೆಣಸಿನಕಾಳಿನಷ್ಟು ಸಣ್ಣವು, ಎರಡು ಮೂರು ಕೂದಲಿನ ಎಳೆಯಲ್ಲಿ ಪೋಣಿಸಿದಂತೆ ಒಂದಕ್ಕೊಂದು ಜೋತುಬಿದ್ದಿದ್ದವು. ಚೆನ್ನಾಗಿರುವ ಮೊಲ ದಿನಕ್ಕೆ ಇನ್ನೂರು ಮುನ್ನೂರು ಹಿಕ್ಕೆ ಹಾಕುತ್ತದೆ.

ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಮೊಲ ನೋವನ್ನು ಮುಚ್ಚಿಡುತ್ತದೆ, ಕೂಗುವುದಿಲ್ಲ, ನರಳುವುದಿಲ್ಲ. ಅದರ ಪರವಾಗಿ ಮಾತಾಡುವುದು ಹಿಕ್ಕೆ. ಗಾತ್ರ ಸಣ್ಣದಾಗುತ್ತ ಬಂದರೆ ಎರಡು ದಿನದ ಮುಂಚೆಯೇ ಸೂಚನೆ ಸಿಕ್ಕಂತೆ. ಒಡೆದು ನೋಡಿದಾಗ ಒಳಗೆ ಒಣಹುಲ್ಲಿನ ಹೊಟ್ಟಿನಂಥ ಹೊಂಬಣ್ಣದ ನಾರು ಕಂಡರೆ ಹೊಟ್ಟೆ ಸರಿಯಿದೆ. ಕಪ್ಪಾಗಿ, ಕಲ್ಲಿನಂತೆ ಗಟ್ಟಿಯಾಗಿದ್ದರೆ ನೀರೂ ನಾರೂ ಸಾಲುತ್ತಿಲ್ಲ. ಹನ್ನೆರಡು ತಾಸು ಏನನ್ನೂ ತಿನ್ನದ ಅಥವಾ ಹಿಕ್ಕೆ ಹಾಕದ ಮೊಲವನ್ನು ತುರ್ತು ಪ್ರಕರಣವೆಂದೇ ತಿಳಿಯಬೇಕು. ನಾನು ಆ ಸಂಜೆ ಕಳೆದದ್ದು ಈ ಹನ್ನೆರಡು ತಾಸನ್ನೇ.

ಮುಂದಿನ ಹೆಜ್ಜೆಗೆ ಮುಂಚೆ ಒಂದು ವಿವೇಚನೆ ಬೇಕು, ಏಕೆಂದರೆ ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಪ್ರಾಣಾಂತಿಕ. ಮೇಲೆ ಹೇಳಿದ ಸ್ಥಗಿತ ನಿಧಾನವಾಗಿ, ಒಂದೆರಡು ದಿನಗಳಲ್ಲಿ ಕವಿಯುವಂಥದ್ದು. ಹೊಟ್ಟೆ ಮುಟ್ಟಿದರೆ ನಾದಿದ ಹಿಟ್ಟಿನಂತಿರುತ್ತದೆ. ಇದಲ್ಲದೆ ಕರುಳಿನಲ್ಲಿ ಏನಾದರೂ ಸಿಕ್ಕಿಕೊಂಡು ಹಾದಿ ಪೂರ್ತಿ ಮುಚ್ಚುವುದುಂಟು. ಮೈ ನೆಕ್ಕಿಕೊಂಡಾಗ ಒತ್ತಾಗಿ ಸೇರಿದ ಕೂದಲಿನ ಸಣ್ಣ ಗೋಲಿ, ಗೋಣಿ ಅಥವಾ ಚಾಪೆಯ ದಾರ, ಪ್ಲಾಸ್ಟಿಕ್ಕಿನ ಚೂರು, ಯಾವುದಾದರೂ ಸಾಕು. ಆಗ ಬೆಳಿಗ್ಗೆ ಕುಣಿಯುತ್ತಿದ್ದ ಮೊಲ ಮಧ್ಯಾಹ್ನಕ್ಕೆ ಬಿದ್ದುಕೊಳ್ಳುತ್ತದೆ. ಜಠರವು ರಸ ಮತ್ತು ವಾಯುವಿನಿಂದ ತುಂಬಿ ಎಡಪಕ್ಕೆಯ ಹಿಂದೆ ಹಲಗೆಯಂತೆ ಬಿಗಿಯುತ್ತದೆ, ಕಿವಿ ತಣ್ಣಗಾಗುತ್ತದೆ, ಮೊಲ ಎಬ್ಬಿಸಿದರೂ ಏಳುವುದಿಲ್ಲ. ಇಂಥ ಮೊಲಕ್ಕೆ ಸಿರಿಂಜಿನಿಂದ ಏನನ್ನು ಹಾಕಿದರೂ ತುಂಬಿದ ಚೀಲಕ್ಕೆ ಇನ್ನೂ ತುರುಕಿದಂತೆ, ಹೊಟ್ಟೆ ತಿಕ್ಕಿದರೆ ಜಠರ ಒಡೆಯುವ ಭಯ. ಎಮ್ಮೆಯ ಉಬ್ಬರಕ್ಕೆ ಎಣ್ಣೆ ಕುಡಿಸಿದಂತೆ ಇಲ್ಲಿ ಎಣ್ಣೆ ಕುಡಿಸಲು ಹೋದವರು ಅದನ್ನು ಶ್ವಾಸಕೋಶಕ್ಕೆ ಇಳಿಸಿ ಇನ್ನೊಂದು ಅನಾಹುತ ಮಾಡುವುದೂ ಉಂಟು. ಮನೆಯಲ್ಲಿ ಮಾಡುವ ಕೆಲಸ ಇಲ್ಲಿ ಒಂದೇ: ಬೆಚ್ಚಗೆ ಸುತ್ತಿ, ತಡವಿಲ್ಲದೆ ಪಶುವೈದ್ಯರಲ್ಲಿಗೆ ಒಯ್ಯುವುದು.

ಬೇಧಿಯ ಮಾತು ಬೇರೆ. ಹಿಂಗಾಲಿಗೆ, ಬಾಲಕ್ಕೆ ಕರಿಯ ಅಂಟು ಮೆತ್ತಿಕೊಂಡಿದ್ದರೆ ಎಲ್ಲರೂ ಅದನ್ನು ಬೇಧಿ ಎನ್ನುತ್ತಾರೆ. ಬಹಳ ಸಲ ಅದು ಬೇಧಿಯಲ್ಲ, ತಿನ್ನದೆ ಉಳಿದ ಆ ಮೆತ್ತನೆಯ ಹಿಕ್ಕೆ. ಒಣ ಹಿಕ್ಕೆಗಳೂ ಜೊತೆಯಲ್ಲಿ ಬೀಳುತ್ತಿದ್ದರೆ ಇದು ಖಚಿತ. ತಿನಿಸು ತೀರ ಪುಷ್ಟಿಯಾದದ್ದು, ಮೊಲ ದಪ್ಪಗಾಗಿ ಬಗ್ಗಲು ಬಾರದಿರುವುದು, ಮುದಿ ಮೊಲದ ಬೆನ್ನುನೋವು ಇದಕ್ಕೆ ಕಾರಣಗಳು. ಹುಲ್ಲು ಹೆಚ್ಚಿಸಿ, ಉಳಿದದ್ದನ್ನು ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೆ ಅಂಟನ್ನು ದಿನವೂ ತೊಳೆದು ಒರೆಸಬೇಕು, ಏಕೆಂದರೆ ಮಳೆಗಾಲದಲ್ಲಿ ನೊಣ ಕೂತು ಒಂದು ದಿನದೊಳಗೆ ಹುಳ ಬೀಳುತ್ತವೆ. ಇದಕ್ಕೆ ಬದಲು ನೀರಿನಂಥ ಬೇಧಿ ಶುರುವಾಗಿ ಒಣ ಹಿಕ್ಕೆಯೇ ಇಲ್ಲದಿದ್ದರೆ, ಅದರಲ್ಲೂ ಮರಿಯಾಗಿದ್ದರೆ, ಉಳಿದಿರುವುದು ಕೆಲವೇ ತಾಸುಗಳು.

ಮರಿಗಳ ವಿಷಯದಲ್ಲಿ ಸಂತೆಯ ವ್ಯಾಪಾರ ಮಾಡುವ ಕೇಡನ್ನು ಹೇಳದಿರಲಾರೆ. ಅಂಗೈಯಲ್ಲಿ ಹಿಡಿಸುವ ಮರಿ ಮುದ್ದಾಗಿ ಕಾಣುತ್ತದೆಂದು ಮೂರು ನಾಲ್ಕು ವಾರಕ್ಕೇ ತಾಯಿಯಿಂದ ಅಗಲಿಸಿ ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ಬೆಳೆದ ಮೊಲದ ಜಠರದ ಹುಳಿ ಬಹಳ ತೀಕ್ಷ್ಣ, ಕೆಟ್ಟ ಜೀವಾಣುಗಳು ಅದನ್ನು ದಾಟಿ ಬದುಕುವುದು ಕಷ್ಟ. ಮರಿಯಲ್ಲಿ ಆ ಹುಳಿ ಇನ್ನೂ ಬಂದಿರುವುದಿಲ್ಲ. ಅಲ್ಲಿಯವರೆಗೆ ಕಾಪಾಡುವುದು ತಾಯಿಯ ಹಾಲು. ಹಾಲು ತಪ್ಪಿ, ಹುಳಿಯೂ ಬಾರದ ಆ ನಡುವಿನ ವಾರಗಳಲ್ಲಿ ಪಯಣದ ದಣಿವು, ಹೊಸ ಮನೆಯ ಗದ್ದಲ, ಗಜ್ಜರಿ ತುಂಡು, ಹಾಲು ಅನ್ನ ಎಲ್ಲ ಒಟ್ಟಿಗೆ ಬಂದರೆ ಕರುಳಿನಲ್ಲಿ ವಿಷಕಾರಿ ಜೀವಾಣುಗಳು ಹಬ್ಬಲು ತಡವಾಗದು. ಕಾಕ್ಸಿಡಿಯ ಎಂಬ ಸೂಕ್ಷ್ಮ ಪರೋಪಜೀವಿಯೂ ಹೆಚ್ಚಾಗಿ ಕಾಡುವುದು ಈ ವಯಸ್ಸಿನಲ್ಲಿ. ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ, ಔಷಧಿಯೂ ಇದೆ. ಮರಿಯನ್ನು ಕೊಳ್ಳುವುದಾದರೆ ಎಂಟು ವಾರ ತುಂಬಿದ್ದನ್ನೇ ಕೊಳ್ಳಬೇಕು, ಮತ್ತು ಮಾರುವವರು ಹಾಕುತ್ತಿದ್ದ ತಿನಿಸನ್ನೇ ಮೊದಲ ಒಂದೆರಡು ವಾರ ಮುಂದುವರಿಸಿ ನಿಧಾನವಾಗಿ ಬದಲಿಸಬೇಕು.

ಬೇಧಿಯೆಂದೋ ಸೀನೆಂದೋ ಔಷಧಿ ಅಂಗಡಿಗೆ ಹೋಗುವುದು ಇನ್ನೊಂದು ಅಪಾಯ. ನಮ್ಮ ಓಣಿಯ ಒಂದು ಮನೆಯಲ್ಲಿ ಮೊಲ ಸೀನುತ್ತಿದೆಯೆಂದು ಅಂಗಡಿಯೊಂದರಲ್ಲಿ ಕೇಳಿ, ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ಪನ್ನು ತಂದು ಕುಡಿಸಿದರು. ಮೂರನೆಯ ದಿನಕ್ಕೆ ನೀರಿನಂಥ ಬೇಧಿಯಾಗಿ ಅದು ಸತ್ತಿತು. ಪೆನ್ಸಿಲಿನ್ ಗುಂಪಿನ ಔಷಧಿಗಳು, ಅಂದರೆ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಹಾಗೆಯೇ ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್, ಬಾಯಿಯ ಮೂಲಕ ಹೊಟ್ಟೆಗೆ ಹೋದರೆ ಕುರುಡು ಕರುಳಿನ ಒಳ್ಳೆಯ ಜೀವಾಣುಗಳನ್ನು ಕೊಂದು ವಿಷ ಹುಟ್ಟಿಸುವವುಗಳಿಗೆ ಹಾದಿ ಬಿಡುತ್ತವೆ. ಮನುಷ್ಯರಿಗೂ ನಾಯಿಗೂ ನಿತ್ಯ ಬಳಸುವ ಔಷಧಿ ಮೊಲಕ್ಕೆ ವಿಷವಾಗುವುದು ಹೀಗೆ. ಮೊಲಕ್ಕೆ ಹೊಂದುವ ಬೇರೆ ಜೀವಾಣುನಾಶಕಗಳಿವೆ; ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು. ಇದೇ ಸಾಲಿಗೆ ಸೇರುವ ಇನ್ನೊಂದು, ನಾಯಿಯ ಮೈಗೆ ಹತ್ತುವ ಉಣ್ಣಿಹುಳಕ್ಕೆ ಹೊಡೆಯುವ ಫಿಪ್ರೊನಿಲ್. ಅದನ್ನೂ ಮೊಲಕ್ಕೆ ಸೋಕಿಸಬಾರದು.

ವೈದ್ಯರು ಸಿಗುವವರೆಗೆ ಮನೆಯಲ್ಲಿ ಏನು ಮಾಡಬಹುದು? ಮೊದಲು ಕಿವಿ ಮುಟ್ಟಿ ನೋಡಬೇಕು. ಆರೋಗ್ಯವಾಗಿರುವ ಮೊಲದ ಮೈ ಶಾಖ ಸುಮಾರು 101ರಿಂದ 103 ಡಿಗ್ರಿ ಫ್ಯಾರನ್‌ಹೀಟ್. ಸ್ಥಗಿತ ಹೆಚ್ಚಾದಂತೆ ಅದು ಇಳಿಯುತ್ತದೆ, 100ಕ್ಕಿಂತ ಕೆಳಗಿಳಿದರೆ ಪ್ರಾಣಕ್ಕೆ ಅಪಾಯವಿದೆಯೆಂದೇ ಅರ್ಥ. ಏಪ್ರಿಲಿನ ವಿಜಯಪುರದಲ್ಲಿ ಮೊಲಕ್ಕೆ ಶಾಖ ಕೊಡಬೇಕಾದೀತು ಎಂಬುದು ನನಗೆ ಹೊಳೆದಿರಲೇ ಇಲ್ಲ. ಕೂಲರಿನ ಗಾಳಿಗೆ ಎದುರಾಗಿ ಪಂಜರ ಇಟ್ಟಿದ್ದೆವು, ಕಿವಿಗಳೋ ಗಡಿಗೆಯಷ್ಟು ತಣ್ಣಗಿದ್ದವು. ಕೂಲರ್ ಆರಿಸಿ, ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಪಕ್ಕಕ್ಕಿಟ್ಟೆವು. ಮೊಲ ಬೇಕೆನಿಸಿದರೆ ಅದಕ್ಕೆ ಒರಗಬೇಕು, ಬೇಡವೆನಿಸಿದರೆ ಸರಿಯಬೇಕು, ಅಷ್ಟು ಜಾಗ ಇರಬೇಕು. ಹೊಟ್ಟೆಗೆ ಕಿವಿ ಹಚ್ಚಿ ಕೇಳುವುದೂ ಉಪಯುಕ್ತ. ಸಣ್ಣಗೆ ಗುಳುಗುಳು ಎನ್ನುತ್ತಿದ್ದರೆ ಕರುಳು ಬದುಕಿದೆ. ಏನೂ ಕೇಳದಿದ್ದರೆ ಚಿಂತಿಸಬೇಕಾದದ್ದು.

ಹೊಟ್ಟೆ ಬಿಗಿದಿಲ್ಲ, ಮೊಲ ಎಚ್ಚರವಾಗಿದೆ ಎಂದರೆ ಹಸಿ ಕೊತ್ತಂಬರಿ, ಪುದೀನ, ಮೂಲಂಗಿ ಎಲೆಗಳನ್ನು ನೀರು ಸಹಿತ ಮೂಗಿನ ಮುಂದೆ ಇಡಬೇಕು, ಒಣಹುಲ್ಲು ಸದಾ ಇರಬೇಕು, ಕೋಣೆಯಲ್ಲಿ ಬಿಟ್ಟು ನಾಲ್ಕು ಹೆಜ್ಜೆ ಓಡಾಡಿಸಬೇಕು. ವಾಯುವಿಗೆಂದು ಸಿಮೆಥಿಕೋನ್ ಹನಿಗಳನ್ನು ಅನೇಕರು ಕೊಡುತ್ತಾರೆ. ಕೆಡುಕಿಲ್ಲ, ಅದನ್ನೇ ನಂಬಿ ಕೂಡುವಷ್ಟು ಗುಣವೂ ಇಲ್ಲ. ಇಂಗಿನ ನೀರು, ಸೋಡಾ, ಹರಳೆಣ್ಣೆ ಬೇಡವೇ ಬೇಡ. ಬಳಲಿದೆಯೆಂದು ಗ್ಲುಕೋಸ್ ಪುಡಿ ಕಲಸಿ ಕುಡಿಸುವುದೂ ತಪ್ಪು, ಏಕೆಂದರೆ ಕರುಳಿನ ವಿಷಕಾರಿ ಜೀವಾಣುಗಳಿಗೆ ಬೇಕಾದದ್ದು ಅದೇ.

ಸಿರಿಂಜಿನಿಂದ ತಿನ್ನಿಸುವುದು ವೈದ್ಯರು ಹೊಟ್ಟೆ ನೋಡಿ ಒಪ್ಪಿದ ಮೇಲಿನ ಮಾತು. ಹುಲ್ಲಿನಿಂದ ಮಾಡಿದ ಗುಳಿಗೆ ಆಹಾರವನ್ನು ನೆನೆಸಿ ನುಣ್ಣಗೆ ಅರೆದು, ಅಂಬಲಿಯ ಹದಕ್ಕೆ ತಂದು, ಸೂಜಿ ತೆಗೆದ ಸಿರಿಂಜಿನಲ್ಲಿ ತುಂಬಿಕೊಳ್ಳಬೇಕು. ಮೊಲವನ್ನು ಟವೆಲಿನಲ್ಲಿ ಸುತ್ತಿ ನಾಲ್ಕೂ ಕಾಲಿನ ಮೇಲೆ ಕೂಡಿಸಬೇಕು. ಕೂಸಿಗೆ ಗುಟುಕು ಹಾಕುವಂತೆ ಅಂಗಾತ ಮಲಗಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಇರುವ ಖಾಲಿ ಜಾಗದಲ್ಲಿ, ಪಕ್ಕದಿಂದ ಸಿರಿಂಜಿನ ಮೂತಿ ಇಟ್ಟು, ಅರ್ಧದಿಂದ ಒಂದು ಮಿಲಿಯಷ್ಟನ್ನೇ ಒತ್ತಿ, ಅದು ಅಗಿದು ನುಂಗುವವರೆಗೆ ಕಾಯಬೇಕು. ಹತ್ತು ಮಿಲಿ ತಿನ್ನಿಸಲು ನನಗೆ ಮೊದಲ ಸಲ ಮುಕ್ಕಾಲು ತಾಸು ಹಿಡಿಯಿತು, ಅದರಲ್ಲಿ ಅರ್ಧ ನನ್ನ ಅಂಗಿಯ ಮೇಲೆಯೇ ಇತ್ತು.

ಮರುದಿನ ಮುಂಜಾನೆ ಒಯ್ದಾಗ ಪಶುವೈದ್ಯರು ಮೊದಲು ಹೇಳಿದ್ದು, "ಇದನ್ನ ರಾತ್ರಿನೇ ತರಬೇಕಿತ್ತರಿ" ಎಂದು. ಆಮೇಲೆ ಹೊಟ್ಟೆ ಒತ್ತಿ ನೋಡಿ, ಎಕ್ಸ್-ರೇ ತೆಗೆಸಿ, ಜಠರ ಬಲೂನಿನಂತೆ ಉಬ್ಬಿಲ್ಲವೆಂದು ಖಚಿತ ಮಾಡಿಕೊಂಡರು. ರಕ್ತದ ಸಕ್ಕರೆಯನ್ನೂ ನೋಡಿದರು. ಹಾದಿ ಮುಚ್ಚಿದ ಮೊಲದಲ್ಲಿ ಅದು ವಿಪರೀತ ಏರಿರುತ್ತದೆ, ಬರಿಯ ಸ್ಥಗಿತದಲ್ಲಿ ಅಷ್ಟು ಏರುವುದಿಲ್ಲವಂತೆ. ಬೆನ್ನಿನ ಸಡಿಲ ಚರ್ಮದ ಕೆಳಗೆ ಬೆಚ್ಚಗಿನ ಸಲೈನ್ ಬಿಟ್ಟರು, ನೋವಿಗೆ ಮೆಲಾಕ್ಸಿಕ್ಯಾಮ್, ಕರುಳು ಚಲಿಸುವಂತೆ ಮಾಡಲು ಮೆಟೊಕ್ಲೊಪ್ರಮೈಡ್ ಕೊಟ್ಟರು. ನೀರು, ನೋವು ಶಮನ, ಶಾಖ, ಆಹಾರ, ಈ ನಾಲ್ಕರಲ್ಲಿ ನೋವು ಶಮನವನ್ನು ನಾವು ಕಡೆಗಣಿಸುತ್ತೇವೆ. ನೋವಿರುವವರೆಗೆ ಮೊಲ ತಾನಾಗಿ ತಿನ್ನುವುದಿಲ್ಲ, ತಾನಾಗಿ ತಿನ್ನುವವರೆಗೆ ಕರುಳು ಪೂರ್ತಿ ಏಳುವುದಿಲ್ಲ.

ಕೊನೆಯಲ್ಲಿ ಬಾಯಿಯೊಳಗೆ ಬೆಳಕು ಬಿಟ್ಟು ನೋಡಿ ಕಾರಣ ಹಿಡಿದರು. ಕೆಳದವಡೆಯ ಒಂದು ಹಲ್ಲು ಒಳಬದಿಗೆ ಮುಳ್ಳಿನಂತೆ ಬೆಳೆದು ನಾಲಿಗೆಯನ್ನು ಕೊರೆಯುತ್ತಿತ್ತು. ಮೊಲದ 28 ಹಲ್ಲುಗಳೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ, ಮುಂದಿನ ಹಲ್ಲುಗಳು ವಾರಕ್ಕೆ ಎರಡು ಮಿಲಿಮೀಟರಿನಷ್ಟು. ಒರಟು ಹುಲ್ಲನ್ನು ಪಕ್ಕಕ್ಕೆ ಅರೆದು ಅಗಿದಾಗ ಮಾತ್ರ ದವಡೆ ಹಲ್ಲು ಸರಿಯಾಗಿ ಸವೆಯುತ್ತದೆ. ನಮ್ಮ ಹುಡುಗಿ ಹುಲ್ಲಿಗಿಂತ ಗಜ್ಜರಿಯನ್ನೂ ಗುಳಿಗೆಯನ್ನೂ ಹೆಚ್ಚು ಹಾಕುತ್ತಿದ್ದಳು.

ಕೂದಲಿನ ವಿಷಯ ಬಂದಾಗ ಬಹಳ ಮಂದಿಗೆ ತಾ ಹಿಡಿದ ಮೊಲಕ್ಕೆ ಮೂರೇ ಕಾಲು. ಹೊಟ್ಟೆಯಲ್ಲಿ ಕೂದಲ ಉಂಡೆ ಕಟ್ಟಿ ಮೊಲ ಸಾಯುತ್ತದೆ, ಅನಾನಸ್ ರಸ ಕುಡಿಸಿದರೆ ಕರಗುತ್ತದೆ ಎಂಬ ನಂಬಿಕೆ ಹಳೆಯದು. ಮೈ ನೆಕ್ಕಿಕೊಳ್ಳುವ ಪ್ರಾಣಿಯ ಜಠರದಲ್ಲಿ ಕೂದಲು ಇದ್ದೇ ಇರುತ್ತದೆ. ಕರುಳು ನಡೆಯುತ್ತಿರುವಾಗ ಅದು ಹುಲ್ಲಿನ ಜೊತೆ ಸಾಗಿಹೋಗುತ್ತದೆ. ಕರುಳು ನಿಂತು ನೀರು ಆರಿದಾಗ ಉಂಡೆಯಾಗುತ್ತದೆ. ಹೆಚ್ಚಿನ ಸಲ ಉಂಡೆ ಸ್ಥಗಿತದ ಫಲವೇ ಹೊರತು ಕಾರಣವಲ್ಲ. ಅನಾನಸಿನ ಕಿಣ್ವಕ್ಕೆ ಕೂದಲನ್ನು ಕರಗಿಸುವ ಶಕ್ತಿಯಿಲ್ಲ, ಅದರ ಸಕ್ಕರೆ ಮಾತ್ರ ಹೊಟ್ಟೆಗೆ ಸೇರುತ್ತದೆ. ಕೂದಲು ಉದುರುವ ದಿನಗಳಲ್ಲಿ ಮೈ ಬಾಚಿ ಕೂದಲು ತೆಗೆಯುವುದು ಹೆಚ್ಚು ಉಪಯೋಗಕರ.

ಇನ್ನು ತಿನಿಸು. ದಿನದ ತಿನಿಸಿನ ಹತ್ತರಲ್ಲಿ ಎಂಟು ಪಾಲು ಒಣಹುಲ್ಲೇ ಆಗಿರಬೇಕು, ಮೊಲದ ಮೈಯಷ್ಟು ದೊಡ್ಡ ಒಂದು ಹಿಡಿಕಟ್ಟು. ಹೊರದೇಶದ ಟಿಮೊಥಿ ಹುಲ್ಲು ದುಬಾರಿ, ಎಲ್ಲರ ಕೈಗೂ ಎಟುಕದು. ಕರಿಕೆಯನ್ನು ನೆರಳಲ್ಲಿ ಒಣಗಿಸಿದ್ದು ಸೊಗಸಾದ ಮೇವು. ಓಟ್ಸ್ ಹುಲ್ಲು ಸಿಕ್ಕರೂ ಒಳ್ಳೆಯದು. ಬಿಳಿಜೋಳದ ಕಣಿಕೆಯ ಒಣ ಎಲೆಗಳನ್ನು ಹುಲ್ಲಿನ ಜೊತೆ ಬೆರೆಸಬಹುದು, ಆದರೆ ಬಣವೆಯ ತಳದಲ್ಲಿ ಮಳೆ ತಾಕಿ ಬೂಷ್ಟು ಹಿಡಿದದ್ದನ್ನು ಮುಟ್ಟಬಾರದು. ಎಳೆಯ ಹಸಿ ಜೋಳದ ಪೈರನ್ನಂತೂ ಹಾಕಲೇಬಾರದು. ಅದರಲ್ಲಿ ಸಯನೈಡ್ ವಿಷ ಹುಟ್ಟುವುದು ದನ ಕಾಯುವವರಿಗೆ ಗೊತ್ತಿರುವ ಸಂಗತಿಯೇ. ಕುದುರೆ ಮೆಂತ್ಯ ಆರು ತಿಂಗಳೊಳಗಿನ ಮೊಲಕ್ಕೆ ಸರಿ, ಬೆಳೆದದ್ದಕ್ಕೆ ಅದರ ಸುಣ್ಣದ ಅಂಶವೂ ಪ್ರೋಟೀನೂ ಅತಿಯಾಗುತ್ತವೆ. ಎಮ್ಮೆಗೆ ಹಾಲು ಹೆಚ್ಚಿಸಲು ಹಾಕುವ ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷವಿದೆ. ಎಮ್ಮೆಯ ರೂಮೆನ್ ಅದನ್ನು ಬಹುಮಟ್ಟಿಗೆ ಕಟ್ಟಿಹಾಕುತ್ತದೆ, ಮೊಲಕ್ಕೆ ಅಂಥ ಕಾವಲಿಲ್ಲ. ಗುಳಿಗೆ ಆಹಾರ ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಮಿನೊಳಗೆ ಇರಲಿ. ಗಜ್ಜರಿಯ ಎಲೆ ಧಾರಾಳವಾಗಿ ಕೊಡಬಹುದು, ಗಡ್ಡೆಯಲ್ಲಿ ಸಕ್ಕರೆ ಇರುವುದರಿಂದ ವಾರಕ್ಕೆ ಒಂದೆರಡು ಬಿಲ್ಲೆ ಸಾಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ ದೂರವಿರಲಿ. ಚುರುಮರಿ, ರೊಟ್ಟಿ, ಕಬ್ಬಿನ ಸಿಪ್ಪೆಯೂ ಕೂಡ.

ನಮ್ಮ ಸೀಮೆಯ ಬೇಸಿಗೆಗೆ ಪ್ರತ್ಯೇಕ ಎಚ್ಚರ ಬೇಕು. ಮೊಲಕ್ಕೆ ಹಿತವಾದ ಶಾಖ 15ರಿಂದ 21 ಡಿಗ್ರಿ ಸೆಲ್ಸಿಯಸ್. ಬೆವರಲು ಬಾರದ ಪ್ರಾಣಿ ಮುಖ್ಯವಾಗಿ ಕಿವಿಯ ರಕ್ತನಾಳಗಳಿಂದ ಶಾಖ ಕಳೆದುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40ರ ಸುತ್ತ ನಿಂತಾಗ ತಗಡಿನ ಮಾಳಿಗೆಯ ಕೆಳಗೆ ಪಂಜರ ಇಡುವುದೆಂದರೆ ಮೇವು ಬಿಡಿಸಿದಂತೆಯೇ. ಕಲ್ಲುಹಾಸಿನ ಒಳಕೋಣೆ, ಮೇಲಿಂದ ಮೇಲೆ ಒದ್ದೆ ಮಾಡಿದ ಗೋಣಿತಟ್ಟಿನ ಪರದೆ, ಒರಗಲು ಒಂದು ಶಹಾಬಾದಿ ಕಲ್ಲಿನ ತುಂಡು ಇದ್ದರೆ ಸಾಕು. ನೀರನ್ನು ತೂಗುಬಾಟಲಿಗಿಂತ ಅಗಲ ಬಾಯಿಯ ಭಾರವಾದ ಬಟ್ಟಲಿನಲ್ಲಿ ಇಟ್ಟರೆ ಹೆಚ್ಚು ಕುಡಿಯುತ್ತದೆ. ಇಂಡಿ, ಸಿಂದಗಿಯಂಥ ಊರುಗಳಿಂದ ನಗರಕ್ಕೆ ಮೊಲ ತರುವವರು ಹೊತ್ತೇರುವ ಮುಂಚೆ ಹೊರಡಬೇಕು, ಮತ್ತು ಹೊರಡುವ ಮುಂಚೆ ದೂರವಾಣಿಯಲ್ಲಿ ಮೊಲಕ್ಕೆ ಚಿಕಿತ್ಸೆ ಮಾಡುವ ವೈದ್ಯರು ಇದ್ದಾರೆಯೇ ಎಂದು ಕೇಳಿಕೊಳ್ಳಬೇಕು. ಇದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿ ಬರೆದಿಟ್ಟುಕೊಳ್ಳುವುದು ಇನ್ನೂ ಮೇಲು.

ನಮ್ಮ ಮೊಲ ಎರಡನೆಯ ರಾತ್ರಿ ಮೂರು ಗಂಟೆಗೆ ಮೊದಲ ಹಿಕ್ಕೆ ಹಾಕಿತು. ಸಣ್ಣದು, ಸೊಟ್ಟದ್ದು, ಲೋಳೆ ಅಂಟಿದ್ದು. ಮೊದಲ ಎರಡು ಮೂರು ದಿನ ಹಿಕ್ಕೆ ಹೀಗೆಯೇ ಬರುವುದು ಸಹಜ, ನಿಂತಿದ್ದ ಹಳೆಯ ಸರಕು ಹೊರಬೀಳುವ ಲಕ್ಷಣವದು. ಔಷಧಿಯನ್ನೂ ಸಿರಿಂಜಿನ ಆಹಾರವನ್ನೂ ಆಗಲೇ ನಿಲ್ಲಿಸಬಾರದು; ಮೊಲ ತಾನಾಗಿ ಹುಲ್ಲು ತಿನ್ನುವುದು ಸ್ಥಿರವಾಗುವವರೆಗೆ ಮುಂದುವರಿಸಿ, ಆಮೇಲೆ ವೈದ್ಯರು ಹೇಳಿದಂತೆ ಕಡಿಮೆ ಮಾಡುತ್ತ ಬರಬೇಕು. ನಾಲ್ಕನೆಯ ದಿನ ಹುಡುಗಿ ಪತ್ರಿಕೆಯ ಮೇಲೆ ಎಣಿಸಿ 140 ಎಂದಳು, ವಾರ ತುಂಬುವುದರೊಳಗೆ ಎಣಿಸುವುದನ್ನೇ ಬಿಟ್ಟಳು. ಮೈ ಚೇತರಿಸಿಕೊಂಡ ಮೇಲೆ ಮಂಪರು ಬರಿಸಿ ಆ ಹಲ್ಲನ್ನು ಉಜ್ಜಿಸಿದೆವು. ಅಂದು ಬೆಳಿಗ್ಗೆ ನಾನು ರೂಢಿಯಂತೆ ಉಪವಾಸ ಇಡಬೇಕೇ ಎಂದು ಕೇಳಿದ್ದಕ್ಕೆ ವೈದ್ಯರು ಬೇಡವೆಂದರು. ವಾಂತಿ ಮಾಡದ ಪ್ರಾಣಿಗೆ ಮಂಪರಿಗಾಗಿ ಉಪವಾಸದ ಅಗತ್ಯವೇ ಇಲ್ಲ. ಈಗ ಆರು ವಾರಕ್ಕೊಮ್ಮೆ ಬಾಯಿ ತೋರಿಸಿಕೊಂಡು ಬರುತ್ತೇವೆ, ಮತ್ತು ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ಕೂಡಿಸಿ ತೂಕವನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆಯುತ್ತೇವೆ.